ಹೆಸರು ಗೊತ್ತಾಗುವ ಮೊದಲಿನ ಗಂಟೆಗಳು

ಪ್ರಶ್ನೆ: ಡಾಕ್ಟರೇ, ನಾನು ಉಡುಪಿ ಜಿಲ್ಲೆಯ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ ಎಂದರೂ ನಡೆಯುತ್ತದೆ. ಈಚೆಗೆ ದುಬೈಯಿಂದ ಊರಿಗೆ ಬಂದಿದ್ದ ಯುವಕನೊಬ್ಬ ಜ್ವರ, ಮೈಮೇಲೆ ಗುಳ್ಳೆ ಎಂದು ಬಂದು ದಾಖಲಾದ. ಡ್ರಿಪ್ ಹಾಕಿದ್ದು ನಾನು, ಬೆವರಿನಿಂದ ಒದ್ದೆಯಾದ ಬೆಡ್‌ಶೀಟ್ ಬದಲಿಸಿದ್ದೂ ನಾನೇ. ಶೀಟ್ ತೆಗೆಯುವಾಗ ಗ್ಲೌಸ್ ಹಾಕಿರಲಿಲ್ಲ. ಮರುದಿನ ನಮ್ಮ ಡಾಕ್ಟರಿಗೆ ಎಂಪಾಕ್ಸ್ ಇರಬಹುದೆಂಬ ಸಂಶಯ ಬಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಪರೀಕ್ಷೆಯಲ್ಲಿ ಅದಲ್ಲ, ಚಿಕನ್ ಪಾಕ್ಸ್ ಎಂದು ಬಂತು. ವರದಿ ಬರುವ ತನಕ ಮೂರು ವರ್ಷದ ಮಗನನ್ನು ಹತ್ತಿರ ಸೇರಿಸದೆ ಚಾವಡಿಯಲ್ಲಿ ಒಬ್ಬಳೇ ಮಲಗಿದೆ. ಅತ್ತೆಯವರು ಕೆಲಸ ಬಿಡು ಎನ್ನುತ್ತಿದ್ದಾರೆ. ಇನ್ನೊಮ್ಮೆ ಇಂಥವರು ಬಂದರೆ ಏನು ಕೇಳಬೇಕು, ಹೇಗೆ ಕೇಳಬೇಕು? ಗಂಡಸರ ಹತ್ತಿರ ಅಂಥ ವಿಷಯ ಎತ್ತಲು ನನಗೆ ನಾಲಿಗೆಯೇ ಏಳುವುದಿಲ್ಲ. ಸ್ಯಾಂಪಲ್ ನಾವೇ ತೆಗೆಯಬೇಕೇ? ಆಡಳಿತದವರು "ಖಚಿತ ಆಗುವ ತನಕ ಯಾರಿಗೂ ತಿಳಿಸುವುದು ಬೇಡ, ಪೇಷಂಟ್‌ಗಳು ಬರುವುದು ನಿಲ್ಲುತ್ತದೆ" ಎನ್ನುತ್ತಾರೆ. ನಮಗೆ ಲಸಿಕೆ ಇದೆಯೇ?
— ಹೆಸರು ಬೇಡ

ಉತ್ತರ: ಸಿಸ್ಟರ್, ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ವರದಿ ಚಿಕನ್ ಪಾಕ್ಸ್ ಎಂದು ಬಂದದ್ದೇ ನೀವು ನಿಟ್ಟುಸಿರು ಬಿಟ್ಟು ಮಗನನ್ನು ಎತ್ತಿಕೊಂಡಿರಬೇಕು. ಆದರೆ ಹರಡುವ ವೇಗದ ಲೆಕ್ಕದಲ್ಲಿ ನೋಡಿದರೆ, ನೀವು ಹೆದರಿದ ಕಾಯಿಲೆಗಿಂತ ಬಂದ ಕಾಯಿಲೆಯೇ ಜೋರು. ಚಿಕನ್ ಪಾಕ್ಸ್ ಗಾಳಿಯಲ್ಲಿ ಹರಡುತ್ತದೆ, ಅದೂ ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ. ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಆಗಿತ್ತೇ ಎಂದು ನಿಮ್ಮ ತಾಯಿಯನ್ನು ಕೇಳಿ. ಆಗಿದ್ದರೆ ಚಿಂತೆ ಇಲ್ಲ. ಆಗಿಲ್ಲ, ಲಸಿಕೆಯೂ ಹಾಕಿಸಿಕೊಂಡಿಲ್ಲ ಎಂದಾದರೆ, ರೋಗಿಯ ಸಂಪರ್ಕದ ಎಂಟನೇ ದಿನದಿಂದ ಇಪ್ಪತ್ತೊಂದನೇ ದಿನದ ತನಕ ನೀವು ರೋಗಿಗಳ ಹತ್ತಿರ ಕೆಲಸ ಮಾಡಬಾರದು, ಹೆರಿಗೆ ವಾರ್ಡಿಗಂತೂ ಕಾಲಿಡಬಾರದು. ಮಗನಿಗೆ ಲಸಿಕೆ ಆಗಿದೆಯೇ ಎಂದು ಕಾರ್ಡ್ ತೆಗೆದು ನೋಡಿ. ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಇಲ್ಲದ ಕಾರಣ ಎಷ್ಟೋ ಮಕ್ಕಳಿಗೆ ತಪ್ಪಿಹೋಗಿರುತ್ತದೆ. ಮಕ್ಕಳ ಡಾಕ್ಟರ ಬಳಿ ದುಡ್ಡು ಕೊಟ್ಟು ಹಾಕಿಸಬೇಕು, ಎರಡು ಡೋಸ್. ಸಂಪರ್ಕವಾದ ಮೂರರಿಂದ ಐದು ದಿನದೊಳಗೆ ಹಾಕಿಸಿದರೆ ಆಮೇಲೂ ತಕ್ಕಮಟ್ಟಿಗೆ ತಡೆಯುತ್ತದೆ. ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಗರ್ಭಿಣಿಯರಿದ್ದರೆ ಅವರಿಗೂ ಈ ಮಾತು ಮುಟ್ಟಿಸಿ.

ಇನ್ನು ಎಂಪಾಕ್ಸ್‌ಗೆ ಬರೋಣ.

ಆರೋಗ್ಯ ಸಿಬ್ಬಂದಿಗೆ ಈ ಕಾಯಿಲೆ ಅಂಟಿದ ಪ್ರಕರಣಗಳು ಜಗತ್ತಿನಲ್ಲಿ ಕಡಿಮೆ. ಆದದ್ದನ್ನು ಒಂದೊಂದಾಗಿ ನೋಡಿದರೆ ಎಚ್ಚರ ಎಲ್ಲಿ ಬೇಕು ಎಂಬುದು ತಿಳಿಯುತ್ತದೆ. 2018ರಲ್ಲಿ ನೈಜೀರಿಯಾದಿಂದ ಬ್ರಿಟನ್‌ಗೆ ಬಂದ ರೋಗಿಯೊಬ್ಬರನ್ನು ನೋಡಿಕೊಂಡ ಆಸ್ಪತ್ರೆ ಸಿಬ್ಬಂದಿಯೊಬ್ಬರಿಗೆ ಸೋಂಕು ತಗುಲಿತು. ಆಕೆ ಮಾಡಿದ್ದು ನೀವು ಮಾಡಿದ ಕೆಲಸವೇ: ಹಾಸಿಗೆಯ ಬಟ್ಟೆ ಬದಲಿಸಿದ್ದು. ಆಗ ರೋಗಿಗೆ ಏನಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ನರ್ಸ್ ಸ್ಯಾಂಪಲ್‌ಗಾಗಿ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ, ಆ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಬೆರಳಿಗೆ ತಾಗಿಸಿಕೊಂಡರು. ಹತ್ತು ದಿನಕ್ಕೆ ಸೂಜಿ ತಾಗಿದ ಜಾಗದಲ್ಲೇ ಒಂದು ಗುಳ್ಳೆ ಎದ್ದಿತು. ಅದೇ ವರ್ಷ ಬ್ರೆಜಿಲ್‌ನಲ್ಲಿ ರೋಗಿಯ ಮನೆಗೆ ಹೋದ ಇಬ್ಬರು ನರ್ಸ್‌ಗಳು ಸ್ಯಾಂಪಲ್ ತೆಗೆಯುವಾಗ ಗ್ಲೌಸ್ ಹಾಕಿದ್ದರು, ಕೂತು ವಿವರ ಬರೆದುಕೊಳ್ಳುವಾಗ ಹಾಕಿರಲಿಲ್ಲ. ಗುಳ್ಳೆ ಎದ್ದದ್ದು ಅವರ ಕೈಮೇಲೆ.

ಶೀಟು, ಸೂಜಿ, ಬರಿಗೈ. ಕೋವಿಡ್ ಕಾಲದ ಭಯವನ್ನು ಹಾಗೆಯೇ ಎತ್ತಿ ಈ ಕಾಯಿಲೆಯ ಮೇಲೆ ಹೊದಿಸುವವರಿದ್ದಾರೆ. ಎಂಪಾಕ್ಸ್ ಆ ಜಾತಿಯದಲ್ಲ. ಗುಳ್ಳೆಯ ನೀರು, ಕೀವು, ಹಕ್ಕಳೆ, ಅವು ತಾಗಿದ ಬಟ್ಟೆ, ದೀರ್ಘ ಹೊತ್ತಿನ ಮೈ ಸಂಪರ್ಕ, ಮುಖಕ್ಕೆ ಮುಖ ಕೊಟ್ಟು ಹತ್ತಿರದಲ್ಲಿ ಕಳೆದ ಹೊತ್ತು: ದಾರಿ ಇವು. ಕಾಯುವ ಜಾಗದಲ್ಲಿ ಆಚೆ ಬೆಂಚಿನಲ್ಲಿ ಕೂತಿದ್ದವರಿಗೆ ಬರುವ ಸಾಧ್ಯತೆ ತೀರ ಕಡಿಮೆ. ಹಾಗಾಗಿ ಅಪಾಯ ಹೆಚ್ಚಿರುವುದು ಕಾಯಿಲೆಯ ಹೆಸರು ಗೊತ್ತಾಗುವ ಮೊದಲಿನ ಗಂಟೆಗಳಲ್ಲಿ. ವರದಿ ಬಂದ ಮೇಲೆ ಎಲ್ಲರೂ ಗೌನ್ ಹಾಕುತ್ತಾರೆ. ಅದಕ್ಕೆ ಮೊದಲು ಡ್ರಿಪ್ ಹಾಕಿದ ಕೈ, ಶೀಟ್ ತೆಗೆದ ಕೈ ಬರಿದಾಗಿರುತ್ತದೆ. ಎಚ್ಚರ ಸಂಶಯದ ಹೊತ್ತಿಗೇ ಶುರುವಾಗಬೇಕು ಎಂದು ನಾನು ಹೇಳುವುದು ಇದಕ್ಕೇ.

ಸಂಶಯ ಬರಬೇಕಾದರೆ ಕಣ್ಣಿಗೆ ಏನು ಬೀಳಬೇಕು? ಪುಸ್ತಕದ ಚಿತ್ರ ಹೀಗಿದೆ: ಮೊದಲು ಜ್ವರ, ತಲೆನೋವು, ಮೈಕೈ ನೋವು, ವಿಪರೀತ ಸುಸ್ತು, ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ಗಡ್ಡೆ, ಒಂದೆರಡು ದಿನದಲ್ಲಿ ಮುಖದಿಂದ ಶುರುವಾಗಿ ಕೈಕಾಲಿಗೆ ಗುಳ್ಳೆ. ಅಂಗೈ, ಅಂಗಾಲನ್ನೂ ಬಿಡದು. ಚಪ್ಪಟೆ ಕಲೆ, ಉಬ್ಬು, ನೀರುಗುಳ್ಳೆ, ಕೀವುಗುಳ್ಳೆ, ಹಕ್ಕಳೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತ ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಗುಳ್ಳೆ ಆಳದಲ್ಲಿ ಬೇರು ಬಿಟ್ಟಂತೆ ಗಟ್ಟಿ, ನಡುವೆ ಹೊಕ್ಕುಳಿನ ಹಾಗೆ ತಗ್ಗು, ತುರಿಕೆಗಿಂತ ನೋವು ಹೆಚ್ಚು. ಚಿಕನ್ ಪಾಕ್ಸ್‌ನಲ್ಲಾದರೆ ಗುಳ್ಳೆ ಮೇಲ್ಮೈಯಲ್ಲಿ, ತುರಿಕೆ ಜೋರು, ಎದೆ ಬೆನ್ನಿನಲ್ಲಿ ದಟ್ಟ. ಒಂದೇ ಜಾಗದಲ್ಲಿ ಹೊಸದು, ಹಳೆಯದು, ಒಣಗಿದ್ದು ಎಲ್ಲ ಬೆರೆತಿರುತ್ತದೆ. ಗಡ್ಡೆ ಎದ್ದು ಕಾಣುವುದು ಎಂಪಾಕ್ಸ್‌ನ ಪರವಾದ ಸಾಕ್ಷಿ.

2022ರಲ್ಲಿ ಜಗತ್ತಿನಾದ್ಯಂತ ಹರಡಿದಾಗ ಈ ಚಿತ್ರ ಅರ್ಧ ಕೆಟ್ಟುಹೋಯಿತು. ಜ್ವರವಿಲ್ಲದೆ ಬಂದವರಿದ್ದರು. ಮೈಯಲ್ಲೆಲ್ಲ ಏನೂ ಇಲ್ಲದೆ ಜನನಾಂಗದಲ್ಲಿ ಎರಡು ಹುಣ್ಣು, ಗುದದ್ವಾರದ ಸುತ್ತ ನಾಲ್ಕು, ಬಾಯೊಳಗೆ ಒಂದು. ಮಲವಿಸರ್ಜನೆಗೆ ಕೂರಲಾಗದಷ್ಟು ನೋವು ಎಂಬ ಒಂದೇ ದೂರು ಹೊತ್ತು ಬಂದವರನ್ನು ಮೂಲವ್ಯಾಧಿ ಎಂದು ಕಳಿಸಿದ್ದೂ ಉಂಟು. ಸಿಫಿಲಿಸ್, ಹರ್ಪಿಸ್, ಮಕ್ಕಳಲ್ಲಿ ಕೈ-ಕಾಲು-ಬಾಯಿ ರೋಗ, ದಡಾರ, ಔಷಧದ ಅಲರ್ಜಿ ಎಲ್ಲವೂ ಇದರ ವೇಷ ಹಾಕಬಲ್ಲವು. ಕಾಂಗೋದಲ್ಲಿ ಚಿಕನ್ ಪಾಕ್ಸ್ ಮತ್ತು ಎಂಪಾಕ್ಸ್ ಎರಡೂ ಒಬ್ಬರಲ್ಲೇ ಸಿಕ್ಕಿದ್ದಿದೆ. ಆದ್ದರಿಂದ ನೋಡಿದ ಮಾತ್ರಕ್ಕೆ ಹೌದು ಅಲ್ಲ ಎನ್ನುವ ಧೈರ್ಯ ಯಾರಿಗೂ ಬೇಡ. ನಿಮ್ಮ ರೋಗಿಯದು ಕೊನೆಗೆ ಚಿಕನ್ ಪಾಕ್ಸ್ ಎಂದೇ ಆಯಿತು. ಆದರೂ ನಿಮ್ಮ ಡಾಕ್ಟರ್ ಸಂಶಯಪಟ್ಟು ಕಳಿಸಿದರಲ್ಲ, ಆ ತೀರ್ಮಾನ ಸರಿ.

ಮಲೆನಾಡಿನವರು ಮಂಗನ ಕಾಯಿಲೆಯನ್ನೂ ಇದನ್ನೂ ಒಂದೇ ಎಂದು ತಿಳಿಯುವುದುಂಟು. ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಉಣುಗಿನಿಂದ ಬರುವ ಜ್ವರ. ಇದಕ್ಕೂ ಅದಕ್ಕೂ ನಂಟಿಲ್ಲ. ಯಾರಾದರೂ ಕೇಳಿದರೆ ಅಷ್ಟು ಹೇಳಿ ಮುಗಿಸಿ.

ಈಗ ಪ್ರಶ್ನೆ ಕೇಳುವ ವಿಷಯ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಜ್ವರ ಅಳೆದರೆ ಸಿಕ್ಕಿಬೀಳುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ವೈರಸ್ ಒಳಹೊಕ್ಕ ಮೇಲೆ ಲಕ್ಷಣ ಕಾಣಲು ಒಂದರಿಂದ ಮೂರು ವಾರ ಹಿಡಿಯಬಹುದು. ದುಬೈಯಿಂದ ಮಂಗಳೂರಿಗೆ ವಿಮಾನ ನಾಲ್ಕು ಗಂಟೆಯಲ್ಲಿ ಬರುತ್ತದೆ. ನಿಲ್ದಾಣದಲ್ಲಿ ಆರೋಗ್ಯವಾಗಿಯೇ ಇಳಿದವನಿಗೆ ಊರಿನ ಮನೆಯಲ್ಲಿ ಗುಳ್ಳೆ ಏಳುತ್ತದೆ, ಆತ ಬರುವುದು ನಿಮ್ಮಂಥ ನರ್ಸಿಂಗ್ ಹೋಮ್‌ಗೆ. ಹಾಗಾಗಿ ನಿಜವಾದ ತಪಾಸಣೆ ನಡೆಯುವುದು ನಿಮ್ಮ ನೋಂದಣಿ ಕೌಂಟರಿನಲ್ಲಿ. ಇದು ಕಲ್ಪನೆಯ ಮಾತಲ್ಲ. ಭಾರತದ ಮೊದಲ ಪ್ರಕರಣ 2022ರ ಜುಲೈ 14ರಂದು ಕೇರಳದ ಕೊಲ್ಲಂನಲ್ಲಿ ಖಚಿತವಾದಾಗ ರೋಗಿ ಬಂದದ್ದು ಯುಎಇಯಿಂದ. 2024ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲೇ ಕ್ಲೇಡ್ ಒಂದು-ಬಿ ಎಂಬ ಹೊಸ ಬಗೆ ಸಿಕ್ಕಿದ್ದೂ ಅಲ್ಲಿಂದ ಬಂದವರಲ್ಲಿ. 2025ರ ಜನವರಿಯಲ್ಲಿ ನಮ್ಮ ಕರಾವಳಿಯ ಒಬ್ಬರಲ್ಲಿ, ದುಬೈಯಿಂದ ಮಂಗಳೂರಿಗೆ ಬಂದ ಬೆನ್ನಿಗೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಪಾಕ್ಸ್ ಅನ್ನು ಖಚಿತಪಡಿಸಿತು. ಹಾಗೆಂದು ಪಾಸ್‌ಪೋರ್ಟ್ ನೋಡಿ ಸುಮ್ಮನಾಗಬೇಡಿ. 2022ರಲ್ಲಿ ದೆಹಲಿಯ ಮೊದಲ ರೋಗಿ ವಿದೇಶಕ್ಕೆ ಹೋದವರೇ ಅಲ್ಲ.

ಕೇಳಬೇಕಾದದ್ದು ಮೂರೇ, ಮೂರಕ್ಕೂ ಕಳೆದ ಇಪ್ಪತ್ತೊಂದು ದಿನದ ಲೆಕ್ಕ. ಹೊರದೇಶಕ್ಕೆ ಹೋಗಿ ಬಂದಿದ್ದೀರಾ, ಅಥವಾ ಹಾಗೆ ಬಂದವರ ಜೊತೆ ಇದ್ದಿರಾ? ಮನೆಯಲ್ಲಿ, ರೂಮಿನಲ್ಲಿ, ಕ್ಯಾಂಪಿನಲ್ಲಿ ಇನ್ನಾರಿಗಾದರೂ ಇಂಥ ಗುಳ್ಳೆ ಇತ್ತೇ? ಯಾರ ಜೊತೆಗಾದರೂ ಮೈಗೆ ಮೈ ತಾಗುವಷ್ಟು ಹತ್ತಿರದ ಸಂಪರ್ಕ, ದೈಹಿಕ ಸಂಬಂಧ ಆಗಿತ್ತೇ? ಗಲ್ಫಿನ ಬೆಡ್ ಸ್ಪೇಸ್ ಜೀವನ ಗೊತ್ತಿರುವ ನಿಮಗೆ ಎರಡನೇ ಪ್ರಶ್ನೆಯ ತೂಕ ಹೇಳಬೇಕಾಗಿಲ್ಲ. ಒಂದೇ ರೂಮಿನಲ್ಲಿ ಎಂಟು ಜನ, ಪಾಳಿಯಲ್ಲಿ ಮಲಗುವ ಹಾಸಿಗೆ, ಹಂಚಿಕೊಳ್ಳುವ ಟವೆಲ್. ಸೋಂಕಿಗೆ ಬೇರೇನೂ ಬೇಕಿಲ್ಲ.

ನಿಮಗೆ ನಾಲಿಗೆ ಏಳದ್ದು ಮೂರನೆಯದು. ನಾಚಿಕೆ ನಿಮ್ಮೊಬ್ಬರದಲ್ಲ, ಎದುರಿಗಿರುವವನಿಗೆ ಇಮ್ಮಡಿ ಇರುತ್ತದೆ. ಮೊದಲು ಜೊತೆಗೆ ಬಂದ ತಾಯಿ, ಭಾವ, ನೆರೆಮನೆಯವರನ್ನು ಹೊರಗೆ ಕೂರಿಸಿ. "ಔಷಧದ ಚೀಟಿ ಬರೆಯುವ ತನಕ ಹೊರಗಿರಿ" ಎಂದರೆ ಸಾಕು. ಆತ ತುಳು, ಬ್ಯಾರಿ, ಕೊಂಕಣಿ ಯಾವುದರಲ್ಲಿ ಸಲೀಸೋ ಆ ಭಾಷೆಯಲ್ಲೇ ಕೇಳಿ. "ಗುಳ್ಳೆ ಎದ್ದು ಬಂದ ಎಲ್ಲರಿಗೂ ನಾವು ಕೇಳುವ ಪ್ರಶ್ನೆ ಇದು, ನಿಮಗೊಬ್ಬರಿಗೇ ಅಲ್ಲ. ಉತ್ತರ ಈ ಕೋಣೆಯಲ್ಲೇ ಇರುತ್ತದೆ" ಎಂಬ ಒಂದು ಮಾತು ಮುಂದಿಟ್ಟು ಆಮೇಲೆ ಕೇಳಿ. ಹೆಣ್ಣಿನ ಜೊತೆಯೋ ಗಂಡಿನ ಜೊತೆಯೋ ಎಂದು ಮೊದಲೇ ಕೆದಕುವುದು ಬೇಡ. 2022ರ ಅಲೆಯಲ್ಲಿ ಗಂಡಸರ ಜೊತೆ ಸಂಬಂಧವಿದ್ದ ಗಂಡಸರಲ್ಲಿ ಹೆಚ್ಚು ಕಂಡದ್ದು ನಿಜ. ಕಾಂಗೋದಲ್ಲಿ ಶುರುವಾದ ಹೊಸ ಬಗೆ ಗಂಡು ಹೆಣ್ಣಿನ ನಡುವೆಯೂ, ಮನೆಯಲ್ಲಿ ತಾಯಿಯಿಂದ ಮಕ್ಕಳಿಗೂ ಹರಡಿದ್ದೂ ಅಷ್ಟೇ ನಿಜ. ನಿಮಗೆ ಬೇಕಾದದ್ದು ಸಂಪರ್ಕ ಆಯಿತೇ, ಯಾವಾಗ, ಅವರಿಗೆ ತಿಳಿಸಬಹುದೇ ಎಂಬಷ್ಟು. ಅದಕ್ಕೂ ಆಗದಿದ್ದರೆ ಪುರುಷ ಸಹೋದ್ಯೋಗಿಯನ್ನು ಕರೆಯಲೇ ಎಂದು ರೋಗಿಯನ್ನೇ ಕೇಳಿ. ಕೊನೆಯಲ್ಲಿ "ಬಟ್ಟೆ ಮುಚ್ಚಿದ ಜಾಗದಲ್ಲೂ ಗುಳ್ಳೆ ಇದೆಯೇ?" ಎಂಬುದನ್ನು ಮರೆಯಬೇಡಿ. ಇಲ್ಲದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕೇಳುವ ದನಿ ಏಕೆ ಮುಖ್ಯ ಎಂದರೆ, ಹೆದರಿದವರು ಬಚ್ಚಿಡುತ್ತಾರೆ. 2022ರ ಜುಲೈ ಕೊನೆಗೆ ಕೇರಳದ ತ್ರಿಶೂರಿನಲ್ಲಿ ತೀರಿಕೊಂಡ ಯುವಕನಿಗೆ ವಿದೇಶದಲ್ಲಿದ್ದಾಗಲೇ ಪರೀಕ್ಷೆಯಲ್ಲಿ ಸೋಂಕು ಕಂಡಿತ್ತು. ಆ ವರದಿ ಆಸ್ಪತ್ರೆಯವರ ಕೈಗೆ ಬಂದದ್ದು ಕೊನೆಯ ದಿನ. ಆ ಮನೆಯವರನ್ನು ದೂರಲು ನನಗೆ ಮನಸ್ಸಿಲ್ಲ. ಹೇಳಿದರೆ ಏನಾದೀತೋ ಎಂಬ ಭಯ ಸುತ್ತ ಕಟ್ಟಿದವರು ನಾವೆಲ್ಲ.

ಸಂಶಯ ಬಂತು ಎಂದಿಟ್ಟುಕೊಳ್ಳಿ. ಮೊದಲ ಹತ್ತು ನಿಮಿಷದಲ್ಲಿ ಆಗಬೇಕಾದದ್ದು ಇಷ್ಟೇ. ರೋಗಿಗೆ ಮಾಸ್ಕ್ ಕೊಡಿ, ತೆರೆದ ಗುಳ್ಳೆಗಳ ಮೇಲೆ ಸ್ವಚ್ಛ ಬಟ್ಟೆ ಹೊದಿಸಿ, ಬಾತ್‌ರೂಮ್ ಇರುವ ಒಂಟಿ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ. ವಿಶೇಷ ಗಾಳಿ ವ್ಯವಸ್ಥೆಯ ಕೋಣೆ ಬೇಕೇ ಬೇಕು ಎಂದೇನಿಲ್ಲ, ಗಂಟಲಿಗೆ ಟ್ಯೂಬ್ ಹಾಕುವಂಥ ಕೆಲಸವಿದ್ದರೆ ಮಾತ್ರ ಆ ಮಾತು. ಒಳಗೆ ಹೋಗುವವರು ಗೌನ್, ಗ್ಲೌಸ್, ಕನ್ನಡಕ ಅಥವಾ ಫೇಸ್ ಶೀಲ್ಡ್, ಎನ್95 ಮಾಸ್ಕ್ ಹಾಕಬೇಕು. ಕೇಸ್ ಶೀಟ್ ಬರೆಯಲು ಹೋಗುವವರಿಗೂ ಇದೇ ನಿಯಮ. ಬ್ರೆಜಿಲ್‌ನ ಆ ಇಬ್ಬರ ಕಥೆ ಹೇಳಿದ್ದು ಅದಕ್ಕೆ. ಕೈಯಲ್ಲಿ ಗಾಯ, ಇಸುಬು ಇದ್ದವರು ಈ ರೋಗಿಯ ಕೆಲಸಕ್ಕೆ ಬೇಡ. ಒಳಗೆ ಯಾರು ಯಾರು ಹೋದರು ಎಂದು ಬಾಗಿಲಲ್ಲೇ ಒಂದು ಪುಸ್ತಕದಲ್ಲಿ ಬರೆದಿಡಿ. ವರದಿ ಪಾಸಿಟಿವ್ ಬಂದ ದಿನ ನೆನಪಿನಿಂದ ಹೆಸರು ಹುಡುಕುವ ಪೇಚಾಟ ತಪ್ಪುತ್ತದೆ.

ಸ್ಯಾಂಪಲ್ ನೀವೇ ತೆಗೆಯಬೇಕೇ ಎಂದಿರಿ. ನಿಮ್ಮಂಥ ಕಡೆ ಬೇಡ. ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಫೋನ್ ಮಾಡಿದರೆ ನಿಗದಿಯಾದ ಆಸ್ಪತ್ರೆಗೆ ಸಾಗಿಸುವ, ಅಲ್ಲಿ ತೆಗೆಯುವ ಏರ್ಪಾಡು ಅವರದು. ಒಂದು ವೇಳೆ ನೆರವಾಗಬೇಕಾಗಿ ಬಂದರೆ ತಿಳಿದಿರಲಿ: ಪರೀಕ್ಷೆ ಗುಳ್ಳೆಯದೇ ಆಗಬೇಕು, ವಿಧಾನ ಪಿಸಿಆರ್. ರಕ್ತದಲ್ಲಿ ವೈರಸ್ ಸ್ವಲ್ಪ ದಿನವಷ್ಟೇ ಇರುವುದರಿಂದ ರಕ್ತದ ಪಿಸಿಆರ್ ನೆಗೆಟಿವ್ ಬಂದರೆ ನಂಬುವಂತಿಲ್ಲ. ಪ್ರತಿಕಾಯ ಪರೀಕ್ಷೆಗೆ ಇದಕ್ಕೂ ಸಿಡುಬಿನ ಲಸಿಕೆಗೂ ವ್ಯತ್ಯಾಸ ತಿಳಿಯದು. ಬೇರೆ ಬೇರೆ ಜಾಗದ ಎರಡು ಮೂರು ಗುಳ್ಳೆಗಳನ್ನು ಆರಿಸಿ, ಪಾಲಿಯೆಸ್ಟರ್ ಅಥವಾ ನೈಲಾನ್ ತುದಿಯ ಸ್ವಾಬ್‌ನಿಂದ ಒತ್ತಿ ಉಜ್ಜಬೇಕು. ಹತ್ತಿಯದು ಬೇಡ. ನವಿರಾಗಿ ಸವರಿ ತೆಗೆದ ಸ್ವಾಬ್‌ನಲ್ಲಿ ಏನೂ ಇರುವುದಿಲ್ಲ, ಸುಳ್ಳು ನೆಗೆಟಿವ್‌ನ ದೊಡ್ಡ ಕಾರಣ ಅದೇ. ಹಕ್ಕಳೆ ಸಡಿಲವಾಗಿದ್ದರೆ ಅದೂ ಒಳ್ಳೆಯ ಸ್ಯಾಂಪಲ್. ಒಂದೊಂದನ್ನೂ ಬೇರೆ ಬೇರೆ ಒಣ ಟ್ಯೂಬಿನಲ್ಲಿಟ್ಟು, ಯಾವ ಜಾಗದ್ದು ಎಂದು ಬರೆದು, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು, ಎರಡರಿಂದ ಎಂಟು ಡಿಗ್ರಿಯಲ್ಲಿ.

2022ರಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಸೂಚನೆಗಳಲ್ಲಿ ಗುಳ್ಳೆಯ ನೀರನ್ನು ಸಿರಿಂಜಿನಿಂದ ತೆಗೆಯುವ ವಿಧಾನವೂ ಇದೆ. ತರಬೇತಿ ಪಡೆದವರು ಮಾಡಲಿ. ನನ್ನನ್ನು ಕೇಳಿದರೆ, ಉಜ್ಜಿದ ಸ್ವಾಬ್ ಸಾಕಾಗುವಲ್ಲಿ ಸೂಜಿ, ಬ್ಲೇಡ್ ಹತ್ತಿರ ತರುವುದೇ ಬೇಡ. ಯಾವ ಕಾರಣಕ್ಕೂ ಬಳಸಿದ ಸೂಜಿಗೆ ಮುಚ್ಚಳ ತೊಡಿಸಬೇಡಿ, ಡ್ರಿಪ್‌ನದ್ದಾದರೂ ಅಷ್ಟೇ.

ಗುಳ್ಳೆಯೇ ಇಲ್ಲದವರಿಗೆ, "ಸುಮ್ಮನೆ ಒಮ್ಮೆ ನೋಡಿಬಿಡೋಣ" ಎಂದು ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿಲ್ಲ. ಗುಳ್ಳೆ ಇದ್ದವರಿಗಾದರೆ ಅದೊಂದನ್ನೇ ಮಾಡಿಸಿ ನಿಲ್ಲಬಾರದು. ಚಿಕನ್ ಪಾಕ್ಸ್, ಸಿಫಿಲಿಸ್, ಎಚ್ಐವಿ ಪರೀಕ್ಷೆಗಳೂ ರೋಗಿಯ ಒಪ್ಪಿಗೆ ಪಡೆದು ಜೊತೆಗೇ ಆಗಬೇಕು. ಎಚ್ಐವಿಗೆ ಚಿಕಿತ್ಸೆ ಪಡೆಯದೆ ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಎಂಪಾಕ್ಸ್ ಭೀಕರವಾಗಬಲ್ಲದು. ಅಂಥವರ ಬಗ್ಗೆ 2023ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸತ್ತವರೆಲ್ಲರ ಸಿಡಿ4 (ರೋಗನಿರೋಧಕ ಕೋಶಗಳ) ಎಣಿಕೆ 200ಕ್ಕಿಂತ ಕೆಳಗಿತ್ತು. ಉಳಿದಂತೆ 2022ರ ಅಲೆಯಲ್ಲಿ ಸತ್ತವರು ಸಾವಿರಕ್ಕೆ ಒಬ್ಬಿಬ್ಬರು. ಪುಟ್ಟ ಮಕ್ಕಳು ಮತ್ತು ಗರ್ಭಿಣಿಯರಲ್ಲಿ ಹೆಚ್ಚಿನ ನಿಗಾ ಬೇಕು.

ನಿಮ್ಮ ಆಡಳಿತದವರ ಮಾತಿಗೆ ಬರುತ್ತೇನೆ. ಖಚಿತವಾಗುವ ತನಕ ತಿಳಿಸುವುದು ಬೇಡ ಎನ್ನುವುದು ಪೂರ್ತಿ ತಲೆಕೆಳಗು. ಸಂಶಯಿತ ಪ್ರಕರಣವನ್ನೇ ಕೂಡಲೇ ತಿಳಿಸಬೇಕೆಂಬುದು ನಿಯಮ, ಖಾಸಗಿಯವರಿಗೂ. ಖಚಿತಪಡಿಸುವ ಪರೀಕ್ಷೆಗೆ ಸ್ಯಾಂಪಲ್ ಹೋಗುವ ದಾರಿಯೇ ಜಿಲ್ಲಾ ಘಟಕದ ಮೂಲಕ ಇರುವಾಗ ತಿಳಿಸದೆ ಖಚಿತವಾಗುವುದು ಹೇಗೆ? ನಮ್ಮ ದೇಶದ ಸೂಚನೆಗಳ ಪ್ರಕಾರ ಒಂದೇ ಒಂದು ಪ್ರಕರಣವನ್ನೂ ರೋಗ ಸ್ಫೋಟವೆಂದೇ ಪರಿಗಣಿಸಿ ತಂಡ ಬಂದು ತನಿಖೆ ಮಾಡುತ್ತದೆ. ಪೇಷಂಟ್‌ಗಳು ಓಡಿಹೋಗುವ ಭಯವಿದ್ದರೆ ಆಡಳಿತದವರು ತಡೆಯಬೇಕಾದದ್ದು ಬೇರೆ: ಆ ರೋಗಿಯ ಹೆಸರು, ಊರು, ಫೋಟೊ ನಿಮ್ಮ ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿನಿಂದ ಹೊರಬೀಳುವುದನ್ನು. ಅದು ಹೊರಬಿತ್ತೆಂದರೆ ಮುಂದಿನ ಹತ್ತು ಜನ ಗುಳ್ಳೆ ಮುಚ್ಚಿಕೊಂಡು ಮನೆಯಲ್ಲೇ ಕೂರುತ್ತಾರೆ. ಮಾತನಾಡುವಾಗ ನೀವೊಬ್ಬರೇ ಹೋಗಬೇಡಿ, ನಿಮ್ಮ ಡಾಕ್ಟರನ್ನು ಮುಂದಿಟ್ಟುಕೊಂಡು ಹೋಗಿ. ನರ್ಸ್ ಹೇಳಿದರೆ ಗಲಾಟೆ, ಡಾಕ್ಟರ್ ಹೇಳಿದರೆ ಸಲಹೆ. ನಮ್ಮ ಆಸ್ಪತ್ರೆಗಳು ಇನ್ನೂ ಹಾಗೆಯೇ ಇವೆ.

ಪತ್ರದಲ್ಲಿ ಒಬ್ಬರ ಹೆಸರೇ ಬರಲಿಲ್ಲ. ನೀವು ತೆಗೆದ ಆ ಶೀಟನ್ನು ಒಗೆದವರು ಯಾರು? ಕೋಣೆ ಗುಡಿಸಿದವರು ಯಾರು? ಆಯಾಗೆ, ವಾರ್ಡ್ ಬಾಯ್‌ಗೆ ಯಾರೂ ಏನೂ ಹೇಳಿರುವುದಿಲ್ಲ, ಗ್ಲೌಸ್ ಕೊಡುವಾಗಲೂ ಅವರ ಸರದಿ ಕೊನೆಗೆ. ಈ ವೈರಸ್ ಬಟ್ಟೆಯಲ್ಲಿ, ಉದುರಿದ ಹಕ್ಕಳೆಯಲ್ಲಿ ದಿನಗಟ್ಟಲೆ ಜೀವ ಹಿಡಿದಿರಬಲ್ಲದು. ಆದ್ದರಿಂದ ಶೀಟನ್ನು ಕೊಡವಬಾರದು. ಒಳಮುಖವಾಗಿ ಮೆಲ್ಲಗೆ ಸುತ್ತಿ ಅಲ್ಲೇ ಚೀಲಕ್ಕೆ ಹಾಕಿ, ಗುರುತು ಹಚ್ಚಿ ಬೇರೆಯಾಗಿ ಬಿಸಿನೀರು, ಸೋಪಿನಲ್ಲಿ ಒಗೆಸಬೇಕು. ಒಣ ಪೊರಕೆ, ಒಣ ಬಟ್ಟೆಯಲ್ಲಿ ಧೂಳು ಝಾಡಿಸುವುದು ಬೇಡವೇ ಬೇಡ. ಒದ್ದೆ ಮಾಪ್, ಮೊದಲು ಸೋಪು ನೀರು, ಆಮೇಲೆ ಹೈಪೋ (ಹೈಪೋಕ್ಲೋರೈಟ್ ದ್ರಾವಣ). ಶೇಕಡಾ 5ರ ಹೈಪೋ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಬೇಕಾದ ಅರ್ಧ ಶೇಕಡಾ ಆಗುತ್ತದೆ. ಆಗಾಗಿನದನ್ನು ಆಗಲೇ ಬೆರೆಸಿ, ಹಿಂದಿನ ದಿನದ್ದು ಕೆಲಸಕ್ಕೆ ಬಾರದು. ಈ ಒಂದು ಪ್ಯಾರಾವನ್ನು ನೀವು ಅವರಿಗೆ ಓದಿ ಹೇಳಿದರೂ ಸಂತೋಷ.

ಲಸಿಕೆ ಇದೆ, ಆದರೆ ನಿಮ್ಮ ಕೈಗೆ ಸಿಗುವ ಹಾಗಿಲ್ಲ. ಎಂವಿಎ-ಬಿಎನ್ ಎಂಬುದು ಇಪ್ಪತ್ತೆಂಟು ದಿನದ ಅಂತರದಲ್ಲಿ ಎರಡು ಡೋಸ್. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಪೂರ್ವ ಅರ್ಹತೆ ನೀಡಿತು. ಎಲ್ಲರಿಗೂ ಸಾಮೂಹಿಕವಾಗಿ ಹಾಕಿ ಎಂದು ಆ ಸಂಸ್ಥೆಯೂ ಹೇಳುವುದಿಲ್ಲ. ರೋಗ ಹರಡಿರುವ ಕಡೆ ಅಪಾಯ ಹೆಚ್ಚಿರುವವರಿಗೆ, ಸಂಪರ್ಕವಾದವರಿಗೆ ನಾಲ್ಕು ದಿನದೊಳಗೆ. ನಮ್ಮಲ್ಲಿ ಆರೋಗ್ಯ ಸಿಬ್ಬಂದಿಗಾಗಿ ಅಂಥ ಲಸಿಕೆ ಕಾರ್ಯಕ್ರಮವಿಲ್ಲ. ತೋಳಿನ ಮೇಲೆ ಹಳೆಯ ಸಿಡುಬಿನ ಲಸಿಕೆಯ ಗುರುತು ಇರುವ ನಿಮ್ಮ ಹಿರಿಯ ಸಿಸ್ಟರ್‌ಗಳಿಗೆ ಅಷ್ಟೋ ಇಷ್ಟೋ ರಕ್ಷಣೆ ಉಳಿದಿರಬಹುದು. 1980ರ ಹೊತ್ತಿಗೆ ಆ ಲಸಿಕೆ ನಿಂತೇಹೋಯಿತು, ಆಮೇಲೆ ಹುಟ್ಟಿದವರಿಗೆ ಅದೂ ಇಲ್ಲ. ಹಾಗಾಗಿ ಸದ್ಯಕ್ಕೆ ನಿಮ್ಮ ಲಸಿಕೆ ಎಂದರೆ ಗ್ಲೌಸ್, ಗೌನ್, ಮತ್ತು ಮೊದಲೇ ಬರುವ ಸಂಶಯ.

ಔಷಧದ ಬಗ್ಗೆ ನೀವು ಕೇಳಿಲ್ಲ, ರೋಗಿಗಳು ಕೇಳುತ್ತಾರೆ. ಟೆಕೋವಿರಿಮ್ಯಾಟ್ ಎಂಬ ಮಾತ್ರೆಯ ಮೇಲೆ ದೊಡ್ಡ ಆಸೆ ಇತ್ತು. ಕಾಂಗೋದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂದಾಗ ಗುಳ್ಳೆ ಬೇಗ ಮಾಯುವ ವಿಷಯದಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ. ಆ ಪರೀಕ್ಷೆಯಲ್ಲಿ ನನಗೆ ಹಿಡಿಸಿದ ಅಂಶ ಬೇರೆ. ಮಾತ್ರೆ ಪಡೆದವರು, ಪಡೆಯದವರು ಎಲ್ಲ ಸೇರಿ ಸತ್ತವರು ಶೇಕಡಾ 1.7, ಆ ದೇಶದಲ್ಲಿ ಸಾಮಾನ್ಯವಾಗಿ ಶೇಕಡಾ 3.6 ಅಥವಾ ಅದಕ್ಕೂ ಹೆಚ್ಚು. ವ್ಯತ್ಯಾಸ ತಂದದ್ದು ಆಸ್ಪತ್ರೆಯ ಆರೈಕೆ: ನೀರಿನಂಶ, ಊಟ, ನೋವಿಗೆ ಮದ್ದು, ಕೀವಾಗದಂತೆ ಗುಳ್ಳೆ ನೋಡಿಕೊಳ್ಳುವುದು, ಕಣ್ಣಿನ ಕಾಳಜಿ. ಅಂದರೆ ನರ್ಸ್‌ಗಳ ಕೆಲಸ.

ಉಳಿದದ್ದು ನಿಮ್ಮ ಮನೆ. ಮುಂದೆ ಎಂದಾದರೂ ನಿಜವಾದ ಎಂಪಾಕ್ಸ್ ರೋಗಿಯನ್ನು ರಕ್ಷಣೆಯಿಲ್ಲದೆ ಮುಟ್ಟಿದಿರಿ ಎನ್ನಿ. ತಕ್ಷಣ ಸೋಪು ನೀರಿನಲ್ಲಿ ತೊಳೆದು, ವಿಷಯವನ್ನು ಲಿಖಿತವಾಗಿ ತಿಳಿಸಿ. ಲಕ್ಷಣವಿಲ್ಲದಿದ್ದರೆ ಕೆಲಸ ಬಿಟ್ಟು ಕೂರಬೇಕಾಗಿಲ್ಲ ಎನ್ನುತ್ತವೆ ನಮ್ಮದೇ ಸರಕಾರದ ಸೂಚನೆಗಳು. ಇಪ್ಪತ್ತೊಂದು ದಿನ ದಿನಕ್ಕೆರಡು ಸಲ ಜ್ವರ ನೋಡಿಕೊಂಡು, ಚರ್ಮದ ಮೇಲೆ ಕಣ್ಣಿಟ್ಟಿರಬೇಕು. ಆ ಅವಧಿಯಲ್ಲಿ ರಕ್ತದಾನ ಮಾಡಬೇಡಿ. ಜ್ವರವೋ, ಗುಳ್ಳೆಯೋ, ಗಡ್ಡೆಯೋ ಕಂಡ ದಿನವೇ ಬೇರೆ ಕೋಣೆ, ಮತ್ತು ಪರೀಕ್ಷೆ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುವ ಸಾಧ್ಯತೆ ಇಲ್ಲದಿಲ್ಲ, ಆದ್ದರಿಂದ ಮಗನ ಜೊತೆ ಒಂದೇ ಹೊದಿಕೆ, ಒಂದೇ ಟವೆಲ್ ಆ ಮೂರು ವಾರ ಬೇಡ. ಊಟ ಬಡಿಸಲು, ಕಥೆ ಹೇಳಲು ಅಡ್ಡಿಯಿಲ್ಲ. ಯೂನಿಫಾರ್ಮ್ ಆಸ್ಪತ್ರೆಯಲ್ಲೇ ಬದಲಿಸಿ, ಬೇರೆ ಚೀಲದಲ್ಲಿ ತಂದು ಬೇರೆಯಾಗಿ ಒಗೆಯುವ ಅಭ್ಯಾಸವನ್ನು ಎಲ್ಲ ದಿನಗಳಿಗೂ ಇಟ್ಟುಕೊಳ್ಳಿ.

ಅತ್ತೆಯವರಿಗೆ ಕೆಲಸ ಬಿಡಿಸುವ ಮನಸ್ಸಿಗಿಂತ ಮೊಮ್ಮಗನ ಚಿಂತೆ ದೊಡ್ಡದಿದ್ದೀತು. ಮೇಲಿನ ಪ್ಯಾರಾ ಅವರಿಗೂ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ ಎರಡನೇ ಬಾರಿ ಘೋಷಿಸಿದ್ದ ಜಾಗತಿಕ ತುರ್ತುಸ್ಥಿತಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಹಿಂತೆಗೆದಿದೆ, ಕಾಯಿಲೆ ಮಾತ್ರ ಎಲ್ಲೂ ಹೋಗಿಲ್ಲ. ನಾಳೆ ಡ್ಯೂಟಿಗೆ ಹೋದಾಗ ಎರಡು ಕೆಲಸ ಮಾಡಿ: ಜಿಲ್ಲಾ ಸರ್ವೇಕ್ಷಣಾ ಅಧಿಕಾರಿಯ ಕಚೇರಿಯ ಫೋನ್ ನಂಬರ್ ಪಡೆದು ಕೌಂಟರಿನ ಗೋಡೆಗೆ ಅಂಟಿಸಿ, ನಿಮ್ಮ ಸೈಜಿನ ಗ್ಲೌಸ್ ಯಾವ ಕಪಾಟಿನಲ್ಲಿದೆ, ರಾತ್ರಿ ಪಾಳಿಯಲ್ಲಿ ಅದರ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿಟ್ಟುಕೊಳ್ಳಿ.